ಗಾಣದ ಎಣ್ಣೆ ಮಾರೋಕೆ ಗೂಗಲ್ ಸರ್ಚ್ ಆ್ಯಡ್ ಹಾಕಿ ನೋಡಿದೆ, ಐದು ತಿಂಗಳ ಲೆಕ್ಕ ಇಲ್ಲಿದೆ

ನಮ್ಮದು ಚಳ್ಳಕೆರೆ ಕಡೆ ಒಂದು ಸಣ್ಣ ಮರದ ಗಾಣ. ಚಳ್ಳಕೆರೆ ಅಂದ್ರೆ ಎಣ್ಣೆ ಗಿರಣಿಗಳ ಊರು ಅಂತ ಎಲ್ರಿಗೂ ಗೊತ್ತು, ಹಾಗಾಗಿ ಊರಲ್ಲಿ ಎಣ್ಣೆ ಮಾರೋದು ಅಂದ್ರೆ ಸಮುದ್ರದ ದಡದಲ್ಲಿ ಉಪ್ಪು ಮಾರಿದ ಹಾಗೆ. ನಮ್ಮ ಎಣ್ಣೆಗೆ ಗಿರಾಕಿ ಇರೋದು ಬೆಂಗಳೂರಲ್ಲಿ, ಸ್ವಲ್ಪ ಮಟ್ಟಿಗೆ ದಾವಣಗೆರೆ ಮತ್ತೆ ತುಮಕೂರಲ್ಲಿ. ವೆಬ್‌ಸೈಟ್ ಮಾಡ್ಸಿ ಒಂದೂವರೆ ವರ್ಷ ಆಗಿತ್ತು, ವಾರಕ್ಕೆ ಒಂದು ಆರ್ಡರ್ ಬಂದ್ರೆ ಹೆಚ್ಚು, ಅದೂ ಗೊತ್ತಿರೋರದ್ದೇ. ಆಗ ಗೂಗಲ್ ಆ್ಯಡ್ಸ್ ಹಾಕೋಣ ಅಂತ ಶುರು ಮಾಡಿದ್ದು. ಸಣ್ಣ ವ್ಯಾಪಾರ ಮಾಡೋರು ತುಂಬ ಜನ ಇದು ಕೆಲಸ ಮಾಡುತ್ತಾ ಇಲ್ವಾ ಅಂತ ಕೇಳ್ತಾ ಇರ್ತಾರೆ, ಅದಕ್ಕೆ ನನ್ನ ಅನುಭವ ರೂಪಾಯಿ ಲೆಕ್ಕದ ಸಮೇತ ಬರೀತಾ ಇದೀನಿ.

ಮೊದಲು ಇದು ಏನು ಅಂತ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಯಾರೋ ಗೂಗಲ್‌ನಲ್ಲಿ "ಕಡಲೆಕಾಯಿ ಎಣ್ಣೆ" ಅಂತ ಹುಡುಕ್ತಾರೆ, ಮೇಲ್ಗಡೆ "ಸ್ಪಾನ್ಸರ್ಡ್" ಅಂತ ನಮ್ಮ ಆ್ಯಡ್ ಬರುತ್ತೆ, ಅವರು ಅದನ್ನ ಒತ್ತಿದ್ರೆ ಮಾತ್ರ ನಮಗೆ ದುಡ್ಡು ಕಟ್ ಆಗುತ್ತೆ, ಬರೀ ನೋಡಿ ಹೋದ್ರೆ ಇಲ್ಲ. ಈ ಪದ್ಧತಿ ಗೂಗಲ್‌ನವರು ಕಂಡುಹಿಡಿದಿದ್ದಲ್ಲ, 1998ರಲ್ಲಿ ಬಿಲ್ ಗ್ರಾಸ್ ಅನ್ನೋರ ಗೋಟು ಡಾಟ್ ಕಾಮ್ ಅನ್ನೋ ಸರ್ಚ್ ಸೈಟು ಶುರು ಮಾಡಿದ್ದು, ಅಲ್ಲಿ ಹರಾಜಲ್ಲಿ ಯಾರು ಜಾಸ್ತಿ ಕೂಗ್ತಾರೋ ಅವರೇ ಮೇಲೆ. ಗೂಗಲ್ 2002ರಲ್ಲಿ ಕ್ಲಿಕ್ಕಿಗೆ ಇಷ್ಟು ಅನ್ನೋ ಲೆಕ್ಕ ತಂದಾಗ ಒಂದು ಬದಲಾವಣೆ ಮಾಡ್ತು: ಯಾರು ಎಷ್ಟು ಕೂಗಿದ್ರು ಅನ್ನೋದರ ಜೊತೆ ಜನ ಆ ಆ್ಯಡನ್ನ ಎಷ್ಟು ಒತ್ತುತಾರೆ ಅನ್ನೋದನ್ನೂ ಸೇರಿಸ್ತು. ನಮ್ಮ ಎಪಿಎಂಸಿ ಯಾರ್ಡಲ್ಲಿ ಶೇಂಗಾ ಟೆಂಡರಿಗೆ ಬಿದ್ರೆ ಜಾಸ್ತಿ ರೇಟ್ ಬರೆದವನಿಗೇ ಮಾಲು, ಬೇರೆ ಮಾತೇ ಇಲ್ಲ. ಇಲ್ಲಿ ಹಾಗಲ್ಲ, ಆ್ಯಡು ಮತ್ತೆ ಪೇಜು ಹುಡುಕಿದ ವಿಷಯಕ್ಕೆ ಸರಿಯಾಗಿ ಹೊಂದಿದ್ರೆ ಕಡಿಮೆ ಕೂಗಿದೋನೂ ದೊಡ್ಡ ಬ್ರ್ಯಾಂಡಿನ ಮೇಲೆ ಕೂರಬಹುದು. ನಮ್ಮಂಥ ಸಣ್ಣೋರಿಗೆ ಇದ್ರಲ್ಲಿ ಜಾಗ ಇರೋದೇ ಈ ಕಾರಣಕ್ಕೆ.

ಮೊದಲನೇ ತಿಂಗಳು ನಾನೇ ಮಾಡ್ಲಿಲ್ಲ, ಒಂದು ಏಜೆನ್ಸಿಗೆ ಕೊಟ್ಟೆ. ಹೆಸರು ಬೇಡ. ತಿಂಗಳಿಗೆ 5,000 ಅವರ ಫೀಸು, ದಿನಕ್ಕೆ 300 ರೂಪಾಯಿ ಆ್ಯಡ್ ಬಜೆಟ್. ತಿಂಗಳ ಕೊನೆಗೆ ಕಲರ್ ಕಲರ್ ಪಿಡಿಎಫ್ ಬಂತು, ಇಷ್ಟು ಸಾವಿರ ಇಂಪ್ರೆಷನ್ (ಅಂದ್ರೆ ಆ್ಯಡ್ ಇಷ್ಟು ಸಲ ಕಾಣಿಸ್ತು ಅಂತ), 1,140 ಕ್ಲಿಕ್ಕು, ಒಂದು ಕ್ಲಿಕ್ಕಿಗೆ ಬರೀ 8 ರೂಪಾಯಿ ಸಾರ್, ತುಂಬ ಚೀಪ್ ಬಿದ್ದಿದೆ ಅಂತ. ಖರ್ಚು 9,120, ಆರ್ಡರ್ ಬಂದಿದ್ದು ಮೂರು. ಫೀಸು ಸೇರಿಸಿದ್ರೆ ಒಂದೊಂದು ಆರ್ಡರಿಗೆ 4,700 ರೂಪಾಯಿ ಮೇಲೆ ಬಿತ್ತು. ನಮ್ಮ ಐದು ಲೀಟರ್ ಕ್ಯಾನಿನ ಬೆಲೆ 1,750, ಶೇಂಗಾ, ಕೂಲಿ, ಕರೆಂಟು, ಕ್ಯಾನು ಎಲ್ಲಾ ಕಳೆದು ಕೈಯಲ್ಲಿ ಉಳಿಯೋದು ಸುಮಾರು 350. ಅವತ್ತು ರಾತ್ರಿ ಅಪ್ಪನ ಮುಂದೆ ಈ ಲೆಕ್ಕ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.

ಅಕೌಂಟ್ ತೋರಿಸಿ ಅಂದ್ರೆ ಇವತ್ತು ನಾಳೆ ಅಂದ್ರು. ಮೂರು ಸರ್ತಿ ಕೇಳಿದ ಮೇಲೆ ಬರೀ ನೋಡೋಕೆ ಮಾತ್ರ ಲಾಗಿನ್ ಕೊಟ್ರು. ಬೆಂಗಳೂರಲ್ಲಿ ಇದೇ ಕೆಲಸದಲ್ಲಿರೋ ನಮ್ಮ ಅತ್ತೆ ಮಗಳು ಹಬ್ಬಕ್ಕೆ ಊರಿಗೆ ಬಂದಿದ್ಳು, ಇಬ್ಬರೂ ಗಾಣದ ಪಕ್ಕ ಕೂತು ಲ್ಯಾಪ್‌ಟಾಪ್ ತೆಗೆದ್ವಿ. ಅವಳು ಸೀದಾ ಹೋಗಿದ್ದು "ಸರ್ಚ್ ಟರ್ಮ್ಸ್" ಅನ್ನೋ ಜಾಗಕ್ಕೆ, ಅಂದ್ರೆ ಜನ ನಿಜವಾಗ್ಲೂ ಏನು ಟೈಪ್ ಮಾಡಿದಾಗ ನಮ್ಮ ಆ್ಯಡ್ ಬಂತು, ಎಷ್ಟು ಸಲ ಒತ್ತಿದ್ರು ಅನ್ನೋ ಪಟ್ಟಿ. "ಎಣ್ಣೆ ಗಾಣದ ಮಷಿನ್ ರೇಟ್." "ಗಾಣ ಹಾಕೋಕೆ ಸಬ್ಸಿಡಿ." "ಸನ್‌ಫ್ಲವರ್ ಆಯಿಲ್ ಇವತ್ತಿನ ಬೆಲೆ." "ಕೂದಲಿಗೆ ಹರಳೆಣ್ಣೆ ಹೇಗೆ ಹಚ್ಚೋದು." "ಆಯಿಲ್ ಮಿಲ್ ಕೆಲಸ ಖಾಲಿ ಇದೆಯಾ." ಇವರ್ಯಾರೂ ಎಣ್ಣೆ ತಗೊಳ್ಳೋರಲ್ಲ, ಪಾಪ ಅವರಿಗೆ ಬೇಕಾಗಿದ್ದೂ ಸಿಕ್ಕಿಲ್ಲ, ನಮ್ಮ ದುಡ್ಡೂ ಹೋಯ್ತು. ಏಜೆನ್ಸಿಯವರು ಎಲ್ಲಾ ಪದಗಳನ್ನೂ ಬ್ರಾಡ್ ಮ್ಯಾಚಲ್ಲಿ ಹಾಕಿಟ್ಟಿದ್ರು, ಅಂದ್ರೆ ನಾವು ಕೊಟ್ಟ ಪದಕ್ಕೆ ಸ್ವಲ್ಪ ಸಂಬಂಧ ಇದ್ರೂ ಸಾಕು, ಆ್ಯಡ್ ಬರುತ್ತೆ. ಒಂದೇ ಒಂದು ನೆಗೆಟಿವ್ ಕೀವರ್ಡ್, ಅಂದ್ರೆ ಈ ಪದ ಇದ್ರೆ ಆ್ಯಡ್ ತೋರಿಸಬೇಡ ಅಂತ ಹೇಳೋ ಪದ, ಇರ್ಲಿಲ್ಲ. ಸರ್ಚ್ ಕ್ಯಾಂಪೇನ್ ಅಂತ ಹೇಳಿ ಡಿಸ್ಪ್ಲೇ ನೆಟ್‌ವರ್ಕ್ (ಬೇರೆ ಸೈಟು, ಆ್ಯಪುಗಳ ಒಳಗೆ ಆ್ಯಡ್ ತೋರಿಸೋದು) ಆನ್ ಬಿಟ್ಟಿದ್ರು, ಅರ್ಧಕ್ಕಿಂತ ಜಾಸ್ತಿ ಕ್ಲಿಕ್ಕು ಮೊಬೈಲ್ ಗೇಮುಗಳ ಒಳಗಿಂದ ಬಂದಿತ್ತು. ಮಕ್ಕಳು ಆಟ ಆಡುವಾಗ ಬೆರಳು ತಾಗಿ ಒತ್ತಿರೋದು ಅದೆಲ್ಲ ಅಂತ ಅವಳು ಹೇಳಿದ್ಳು, 8 ರೂಪಾಯಿ ಚೀಪ್ ಹೇಗೆ ಬಿತ್ತು ಅಂತ ಆಗ ಅರ್ಥ ಆಯ್ತು.

ಅಕೌಂಟನ್ನ ನಮ್ಮ ಹೆಸರಿಗೆ ಮಾಡಿಕೊಡಿ ಅಂದ್ರೆ ಆಗಲ್ಲ ಅಂದ್ರು. ಬಿಟ್ಟು ಹೊಸದಾಗಿ ನಾನೇ ಮಾಡ್ದೆ. ಇದನ್ನ ಓದ್ತಾ ಇರೋರು ಬೇರೆ ಏನು ಮರೆತ್ರೂ ಪರವಾಗಿಲ್ಲ, ಯಾರಿಗೆ ಕೆಲಸ ಕೊಡೋದಾದ್ರೂ ಮೊದಲು ಅಕೌಂಟ್ ನಿಮ್ಮ ಇಮೇಲಲ್ಲಿ ತೆಗೆದು ಆಮೇಲೆ ಅವರಿಗೆ ಪ್ರವೇಶ ಕೊಡಿ, ಅವರದ್ದರಲ್ಲಿ ನೀವು ಇರಬೇಡಿ, ಬಿಟ್ಟು ಹೊರಡೋ ದಿನ ಹಿಂದಿನದ್ದೆಲ್ಲಾ ಅಲ್ಲೇ ಉಳಿದುಹೋಗುತ್ತೆ.

ಹೊಸ ಅಕೌಂಟಲ್ಲಿ ದಿನಕ್ಕೆ 250 ಇಟ್ಟೆ. ಇಲ್ಲಿ ಒಂದು ವಿಷಯ, ದಿನಕ್ಕೆ 250 ಅಂದ್ರೆ ಯಾವತ್ತೂ 250 ಅಂತಲ್ಲ, ಒಂದೊಂದು ದಿನ ಅದರ ಎರಡರಷ್ಟರ ತನಕ ಹೋಗಬಹುದು, ಬೇರೆ ದಿನ ಕಡಿಮೆ ಆಗುತ್ತೆ, ಒಟ್ಟು ತಿಂಗಳಿಗೆ ದಿನದ ಬಜೆಟ್ಟಿನ 30.4 ಪಟ್ಟನ್ನ ದಾಟಲ್ಲ. ನನಗೆ 250ರ ಲೆಕ್ಕದಲ್ಲಿ ತಿಂಗಳಿಗೆ 7,600. ಇದು ಮೊದಲೇ ತಿಳಿದಿದ್ರೆ ಗಾಬರಿ ಆಗಲ್ಲ. ಇನ್ನೊಂದು 18% ಜಿಎಸ್‌ಟಿ. ಮುಂಚೆನೇ ದುಡ್ಡು ಹಾಕೋ ಪದ್ಧತಿಯಲ್ಲಿ 1,000 ಹಾಕಿದ್ರೆ ಆ್ಯಡಿಗೆ ಸಿಗೋದು 847 ಚಿಲ್ಲರೆ, ಉಳಿದಿದ್ದು ಟ್ಯಾಕ್ಸು. ನಿಮ್ಮ ಜಿಎಸ್‌ಟಿ ನಂಬರ್ ಅಕೌಂಟಲ್ಲಿ ಹಾಕಿಡಿ, ಇನ್‌ಪುಟ್ ತಗೋಬಹುದು, ಅಂದ್ರೆ ಇಲ್ಲಿ ಕೊಟ್ಟ ಟ್ಯಾಕ್ಸನ್ನ ನಾವು ಕಟ್ಟೋ ಜಿಎಸ್‌ಟಿಯಲ್ಲಿ ಕಳೀಬಹುದು, ನಮ್ಮ ಆಡಿಟರ್ ಇದನ್ನೇ ಮೊದಲು ಕೇಳಿದ್ದು.

ಸೆಟ್ಟಿಂಗಲ್ಲಿ ಡಿಸ್ಪ್ಲೇ ಟಿಕ್ ತೆಗೆದೆ, ಸರ್ಚ್ ಪಾರ್ಟ್‌ನರ್ಸ್ (ಗೂಗಲ್ ಜೊತೆ ಸೇರಿರೋ ಬೇರೆ ಸರ್ಚ್ ಸೈಟುಗಳು) ಟಿಕ್ಕೂ ತೆಗೆದೆ. ಲೊಕೇಶನ್‌ನಲ್ಲಿ ಎರಡು ತರ ಇದೆ, ಒಂದು ಆ ಊರಲ್ಲಿ ಇರೋರು ಅಥವಾ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದೋರು, ಇನ್ನೊಂದು ಆ ಊರಲ್ಲಿ ಇರೋರು ಮಾತ್ರ. ಮೊದಲನೇದನ್ನ ಹಾಗೇ ಇಟ್ರೆ ಎಲ್ಲೋ ದೂರದ ರಾಜ್ಯದಲ್ಲಿ ಕೂತು ಬೆಂಗಳೂರಿನ ಬಗ್ಗೆ ಹುಡುಕಿದೋರಿಗೂ ತೋರಿಸುತ್ತೆ, ನಾವು ಅಲ್ಲಿಗೆ ಎಣ್ಣೆ ಕಳಿಸೋಕೆ ಆಗಲ್ಲ. ಎರಡನೇದು ಹಾಕಿ ಬೆಂಗಳೂರು, ತುಮಕೂರು, ದಾವಣಗೆರೆ ಮೂರೇ ಇಟ್ಟೆ, ಬಸ್ಸಲ್ಲಿ ಪಾರ್ಸೆಲ್ ಹಾಕಿದ್ರೆ ಮಾರನೇ ದಿನ ತಲುಪೋ ಜಾಗಗಳು ಇವು. ಕೀವರ್ಡ್ ಬರೀ ಹದಿನಾಲ್ಕು, ಎಲ್ಲಾ ಫ್ರೇಸ್ ಮತ್ತೆ ಎಕ್ಸಾಕ್ಟ್ ಮ್ಯಾಚಲ್ಲಿ, ಅಂದ್ರೆ ಹುಡುಕಿದ್ದರಲ್ಲಿ ನಮ್ಮ ಪದದ ಅರ್ಥ ಸೇರಿದ್ರೆ ಅಥವಾ ಅದೇ ಅರ್ಥ ಇದ್ರೆ ಮಾತ್ರ ಆ್ಯಡ್ ಬರೋ ಹಾಗೆ. ನೆಗೆಟಿವ್ ಪಟ್ಟಿ ಮಾತ್ರ ನೂರು ದಾಟಿದೆ, ಯಾಕಂದ್ರೆ ನೆಗೆಟಿವ್ ಪದ ಸಮಾನಾರ್ಥಕಗಳನ್ನ ತಡಿಯಲ್ಲ, "ಮಷಿನ್" ತಡೆದ್ರೆ "ಯಂತ್ರ" ಒಳಗೆ ಬರುತ್ತೆ. ಅದನ್ನೇ ಕನ್ನಡ ಅಕ್ಷರದಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ ಹಾಕಬೇಕು. ನಮ್ಮ ಜನ ಜಾಸ್ತಿ ಟೈಪ್ ಮಾಡೋದು ಕನ್ನಡ ಪದಾನೇ, ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ. ಎಣ್ಣೆಗೆ ನಾಲ್ಕು ಸ್ಪೆಲ್ಲಿಂಗು, ಗಾಣಕ್ಕೆ ಐದು. ಏಜೆನ್ಸಿಯವರು ಎಲ್ಲಾನೂ ಪಕ್ಕಾ ಇಂಗ್ಲಿಷಲ್ಲಿ "ವುಡ್ ಪ್ರೆಸ್ಡ್" "ಕೋಲ್ಡ್ ಪ್ರೆಸ್ಡ್" ಅಂತ ಹಾಕಿದ್ರು, ಅಲ್ಲಿ ದೊಡ್ಡ ಕಂಪನಿಗಳದ್ದೇ ಪೈಪೋಟಿ. "ಗಾಣದ ಎಣ್ಣೆ" ಅಂತ ಹುಡುಕೋರ ಸಂಖ್ಯೆ ಕಡಿಮೆ, ಆದ್ರೆ ಹುಡುಕೋರು ತಗೊಳ್ಳೋಕೇ ಬಂದಿರ್ತಾರೆ.

ಆ್ಯಡಿನ ಬರಹಾನೂ ಕನ್ನಡದಲ್ಲೇ ಮಾಡ್ದೆ. ಹೆಡ್‌ಲೈನ್ ಒಂದಕ್ಕೆ 30 ಅಕ್ಷರ ಮಿತಿ, ಹೆಡ್‌ಲೈನ್ ಹದಿನೈದರ ತನಕ ಕೊಡಬಹುದು, ಅವರೇ ಕೂಡಿಸಿ ತೋರಿಸ್ತಾರೆ. ಆದ್ರೆ ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತಕ್ಷರ ಎಲ್ಲಾ ಬೇರೆ ಬೇರೆ ಎಣಿಕೆ. "ಮರದ ಗಾಣದ ಕಡಲೆಕಾಯಿ ಎಣ್ಣೆ" ಕಣ್ಣಿಗೆ 13 ಅಕ್ಷರ, ಅಲ್ಲಿ 23 ಆಗುತ್ತೆ. ಹಾಗಾಗಿ ಚುಟುಕಾಗಿ ಬರೀಬೇಕು.

ಒಂದು ಫೋನ್ ಕಾಲ್ ಬಗ್ಗೆ ಹೇಳಲೇಬೇಕು. ರಾತ್ರಿ ಒಂಬತ್ತೂವರೆ ಮೇಲೆ ರಾಜಾಜಿನಗರದಿಂದ ಒಬ್ಬ ವಯಸ್ಸಾದ ಅಮ್ಮ ಫೋನ್ ಮಾಡಿದ್ರು. ಬೆಲೆ ಕೇಳ್ಲಿಲ್ಲ, ಆಫರ್ ಕೇಳ್ಲಿಲ್ಲ. "ನಿಮ್ಮ ಎಣ್ಣೆ ಎರಡು ದಿನ ಇಟ್ರೆ ತಳದಲ್ಲಿ ಗಸಿ ನಿಲ್ಲುತ್ತಾ ಇಲ್ವಾ, ಅದೊಂದು ಹೇಳಪ್ಪ" ಅಂದ್ರು. ನಿಲ್ಲುತ್ತೆ ಅಮ್ಮ, ನಾವು ಬಿಸಿಲಲ್ಲಿ ಇಟ್ಟು ತಿಳಿ ತೆಗೀತೀವಿ, ಫಿಲ್ಟರ್ ಹಾಕಲ್ಲ, ಸ್ವಲ್ಪ ಗಸಿ ಇದ್ದೇ ಇರುತ್ತೆ ಅಂದೆ. "ಹಂಗಾದ್ರೆ ಐದು ಲೀಟರ್ ಕಳಿಸು" ಅಂದು ಇಟ್ಟುಬಿಟ್ರು. ಮಾರನೇ ದಿನ ಸರ್ಚ್ ಟರ್ಮ್ಸ್ ನೋಡಿದ್ರೆ "ಗಸಿ ಇರೋ ಕಡಲೆಕಾಯಿ ಎಣ್ಣೆ" ಅಂತ ಒಂದು ಸಾಲಿತ್ತು. ನಾವು ಇಷ್ಟು ದಿನ ಗಸಿನ ಒಂದು ಕೊರತೆ ತರ ಮುಚ್ಚಿಟ್ಟು, ಸೈಟಲ್ಲಿ "ಶುದ್ಧ, ಸ್ವಚ್ಛ, ನೈಸರ್ಗಿಕ" ಅಂತ ಬರೆದಿದ್ವಿ. ಅವತ್ತೇ ಹೆಡ್‌ಲೈನ್ ಬದಲಾಯಿಸ್ದೆ: "ತಳದಲ್ಲಿ ಗಸಿ ನಿಲ್ಲೋ ಎಣ್ಣೆ". ಪೇಜಲ್ಲಿ ಗಸಿ ಕಾಣೋ ಹಾಗೆ ಗಾಜಿನ ಬಾಟಲಿ ಫೋಟೋ ಹಾಕ್ದೆ, ಬೆಲೆ ಮೇಲ್ಗಡೆನೇ ಹಾಕ್ದೆ, ಆ್ಯಡ್ ಒತ್ತಿದೋರು ಹೋಮ್ ಪೇಜಿಗೆ ಹೋಗದೆ ಸೀದಾ ಆ ಎಣ್ಣೆಯ ಪೇಜಿಗೇ ಬರೋ ಹಾಗೆ ಮಾಡ್ದೆ. ಐದು ತಿಂಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದರಷ್ಟು ಫಲ ಕೊಟ್ಟಿದ್ದು ಇನ್ನೊಂದಿಲ್ಲ.

ನಾನೇ ನೋಡಿಕೊಂಡ ಮೊದಲ ತಿಂಗಳು 450 ಕ್ಲಿಕ್ಕು, ಒಂದಕ್ಕೆ 14 ರೂಪಾಯಿ, ಖರ್ಚು 6,300, ಆರ್ಡರ್ 23. ಒಂದು ಆರ್ಡರಿಗೆ 274 ಹತ್ರ. ಕ್ಲಿಕ್ಕಿನ ಬೆಲೆ ಏಜೆನ್ಸಿ ಕಾಲಕ್ಕಿಂತ ಜಾಸ್ತಿ, ಅದನ್ನ ನೋಡಿ ಯಾರೂ ಹೆದರಬೇಡಿ, ನೋಡಬೇಕಾಗಿದ್ದು ಆರ್ಡರಿಗೆ ಎಷ್ಟು ಬಿತ್ತು ಅನ್ನೋದು. ನಾಲ್ಕನೇ ತಿಂಗಳು 5,880 ಖರ್ಚಲ್ಲಿ 31 ಆರ್ಡರ್, ಆರ್ಡರಿಗೆ 190. ಮೊದಲನೇ ಕ್ಯಾನಲ್ಲಿ ನಮಗೆ ದೊಡ್ಡ ಲಾಭ ಇಲ್ಲ, ನಿಜ ಹೇಳ್ತೀನಿ. ಆದ್ರೆ ಆ 23 ಜನರಲ್ಲಿ 9 ಜನ ಎರಡನೇ ಸಲ ಸೀದಾ ವಾಟ್ಸಾಪಲ್ಲಿ ತರಿಸಿಕೊಂಡ್ರು, ಅದಕ್ಕೆ ಒಂದು ರೂಪಾಯಿ ಆ್ಯಡ್ ಖರ್ಚಿಲ್ಲ. ಎಣ್ಣೆ ಮುಗಿದೇ ಮುಗಿಯುತ್ತೆ, ಮತ್ತೆ ಬೇಕೇ ಬೇಕು, ಅದಕ್ಕೆ ನಮಗೆ ಇದು ಹೊಂದಿತು. ಜನ್ಮಕ್ಕೊಂದು ಸಲ ತಗೊಳ್ಳೋ ಸಾಮಾನು, ಅದ್ರಲ್ಲೂ ಕಡಿಮೆ ಬೆಲೆಯದ್ದು ಮಾರೋರಿಗೆ ಈ ಲೆಕ್ಕ ಕೂಡಲ್ಲ ಅನ್ಸುತ್ತೆ. ಬರೀ ನಿಮ್ಮೂರಿನ ಗಿರಾಕಿ ಸಾಕು ಅನ್ನೋ ಅಂಗಡಿಯವರು ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ ಮ್ಯಾಪಲ್ಲಿ ಬನ್ನಿ, ಅದು ಪೂರ್ತಿ ಫ್ರೀ.

ಇನ್ನೊಂದು, ನಿಮ್ಮ ಆ್ಯಡ್ ಬರ್ತಾ ಇದೆಯಾ ಅಂತ ನೀವೇ ಹುಡುಕಿ ಒತ್ತಬೇಡಿ. ನಮ್ಮ ಅಪ್ಪ ಖುಷಿಗೆ ದಾವಣಗೆರೆಯ ನೆಂಟರಿಗೆಲ್ಲ ಫೋನ್ ಮಾಡಿ ನೋಡಿ ನೋಡಿ ಅಂದ್ರು, ಎರಡು ದಿನ ಅಲ್ಲಿಂದಲೇ ಸುಮ್ಮನೆ ಕ್ಲಿಕ್ಕು ಬಂತು. ಒಳಗೆ ಆ್ಯಡ್ ಪ್ರಿವ್ಯೂ ಅಂತ ಒಂದು ಟೂಲ್ ಇದೆ, ಅದರಲ್ಲಿ ಊರು, ಭಾಷೆ ಹಾಕಿ ನೋಡಿದ್ರೆ ಖರ್ಚಿಲ್ಲದೆ ಕಾಣುತ್ತೆ. ಹಾಗೇ ರೆಕಮೆಂಡೇಶನ್ಸ್‌ನಲ್ಲಿ ಆಟೋ ಅಪ್ಲೈ ಅಂತ ಇರುತ್ತೆ, ಗೂಗಲ್ ಕೊಡೋ ಸಲಹೆಗಳು ನಮ್ಮನ್ನ ಕೇಳದೆ ತಾನಾಗೇ ಜಾರಿ ಆಗೋದು ಅದು, ಆಫ್ ಇಟ್ಟಿದೀನಿ, ನನ್ನ ಪದಗಳನ್ನ ನಾನೇ ಆರಿಸ್ತೀನಿ. ಆ್ಯಡ್ ಬರೋ ಟೈಮು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತು, ಆಮೇಲೆ ಫೋನ್ ತೆಗೆಯೋರು ಯಾರೂ ಇರಲ್ಲ.

ಸಮಯ ಬೇಕು, ಅದು ನಿಜ. ಶುರುವಿನಲ್ಲಿ ದಿನಾ ಅರ್ಧ ಗಂಟೆ, ಈಗ ವಾರಕ್ಕೆ ಎರಡು ಸಲ ಸಾಕು. ಸರ್ಚ್ ಟರ್ಮ್ಸ್‌ನಲ್ಲಿ ಎಲ್ಲಾ ಪದಗಳೂ ಕಾಣಲ್ಲ, ತುಂಬ ಕಡಿಮೆ ಜನ ಹುಡುಕಿದ್ದನ್ನ ತೋರಿಸಲ್ಲ, ಆದ್ರೂ ಕಂಡಿದ್ದಷ್ಟೇ ಓದಿದ್ರೂ ಅಂಗಡಿ ಬಾಗಿಲಲ್ಲಿ ನಿಂತು ಗಿರಾಕಿ ಮಾತು ಕೇಳಿದ ಹಾಗಾಗುತ್ತೆ. ಮೊದಲು "ಹಿಂಡಿ ರೇಟ್" ಅಂತ ಬಂದಿದ್ದನ್ನೆಲ್ಲ ನೆಗೆಟಿವಿಗೆ ಹಾಕಿದ್ದೆ, ಆಮೇಲೆ ನೋಡಿದ್ರೆ ಅದು ಹಸು ಸಾಕಿರೋರು ಹುಡುಕೋದು, ನಮ್ಮಲ್ಲಿ ಶೇಂಗಾ ಹಿಂಡಿ ಮೂಟೆ ಮೂಟೆ ಇರುತ್ತೆ. ಹಿಂಡಿಗೆ ಬೇರೆ ಪೇಜ್ ಮಾಡಿ, ಅದಕ್ಕೆ ನಮ್ಮೂರ ಸುತ್ತ 40 ಕಿಲೋಮೀಟರಿಗೆ ಮಾತ್ರ ಇನ್ನೊಂದು ಕ್ಯಾಂಪೇನ್ ಹಾಕಿದೀನಿ, ದಿನಕ್ಕೆ 50 ರೂಪಾಯಿ.

ಮೊನ್ನೆ ಪಟ್ಟಿಯಲ್ಲಿ "ಹುಚ್ಚೆಳ್ಳು ಎಣ್ಣೆ" ಅಂತ ನಾಲ್ಕು ಸಲ ಬಂದಿತ್ತು, ಬೇರೆ ಬೇರೆ ಸ್ಪೆಲ್ಲಿಂಗಲ್ಲಿ. ನಾವು ಅದನ್ನ ಆಡಿಸೋದೇ ಇಲ್ಲ. ಅಪ್ಪನಿಗೆ ಹೇಳಿದ್ರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಮ್ಮ ತಾತನ ಕಾಲದಲ್ಲಿ ಎತ್ತಿನ ಗಾಣಕ್ಕೆ ಹಾಕ್ತಿದ್ರು, ಆಮೇಲೆ ಕೇಳೋರೇ ಇರ್ಲಿಲ್ಲ ಅಂದ್ರು. ಈ ವಾರ ಎರಡು ಮೂಟೆ ಹುಚ್ಚೆಳ್ಳು ಹೇಳಿದೀವಿ.