ಸೀಲ್ ಆಗಿರೋ ಜುವೆನೈಲ್ ಕೇಸ್, ಮೇಲಿಂದ ಸಿಟಿಜನ್‌ಶಿಪ್ ಅರ್ಜಿ: ಸ್ಯಾನ್ ಹೋಸೆ ಲಾಯರ್ ಆಫೀಸ್ ಬಗ್ಗೆ

ಆಫೀಸ್ ಹೆಸ್ರು ಇಲ್ಲಿ ಹಾಕಲ್ಲ, ಬೈಕೋಬೇಡಿ. ಕೇಸು ನಮ್ಮಕ್ಕನ ಮಗಂದು, ಲಾಯರ್ ಹೆಸ್ರು ಹಾಕಿದ್ರೆ ಬೇ ಏರಿಯಾದಲ್ಲಿ ನಮ್ ಕಡೆಯೋರಿಗೆ ಯಾರ ಮನೆ ವಿಷ್ಯ ಅಂತ ಸಂಜೆಯೊಳಗೆ ಗೊತ್ತಾಗೋಗುತ್ತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಡೌನ್‌ಟೌನಲ್ಲಿರೋ ಸಣ್ಣ ಆಫೀಸು, ಒಬ್ರು ಲೇಡಿ ಲಾಯರ್, ಇಬ್ರು ಪ್ಯಾರಾಲೀಗಲ್ (ಲಾಯರ್ ಸಹಾಯಕರು), ಇಮಿಗ್ರೇಷನ್ ಜೊತೆಗೆ ಜುವೆನೈಲ್ ಕೋರ್ಟ್, ಅಂದ್ರೆ ಹದಿನೆಂಟರೊಳಗಿನ ಮಕ್ಕಳ ಕೋರ್ಟಿನ ಕೆಲ್ಸಾನೂ ಗೊತ್ತಿರೋರು. ಅದೇ ಮುಖ್ಯ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹುಡುಗನಿಗೆ ಹದಿನಾರು ವರ್ಷ ಇದ್ದಾಗ ಫ್ರೆಂಡ್ಸ್ ಜೊತೆ ಮಾಲಿಗೆ ಹೋಗಿ ಇಯರ್‌ಫೋನ್ ಡಬ್ಬ ಜಾಕೆಟ್ಟಿಗೆ ಸೇರಿಸ್ಕೊಂಡಿದ್ದ, ಸೆಕ್ಯುರಿಟಿ ಬಾಗಿಲಲ್ಲೇ ಹಿಡಿದ್ರು, ಪೊಲೀಸ್ ಬಂದು ಸೈಟೇಷನ್ (ಕೇಸಿನ ನೋಟಿಸ್) ಕೊಟ್ರು, ಜುವೆನೈಲ್ ಕೋರ್ಟಲ್ಲಿ ಪೆಟಿಷನ್ ಆಯ್ತು, ಆರು ತಿಂಗಳು ಸೂಪರ್‌ವಿಷನ್ ಮುಗಿಸಿದ, ಕೇಸ್ ಡಿಸ್‌ಮಿಸ್ ಆಗಿ ರೆಕಾರ್ಡ್ ಸೀಲ್ ಆಯ್ತು, ಅಂದ್ರೆ ಯಾರೂ ನೋಡದ ಹಾಗೆ ಮುಚ್ಚಿಟ್ರು. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಹೀಗೆ ಸರಿಯಾಗಿ ಮುಗಿಸಿದ್ರೆ ಕೆಲವು ದೊಡ್ಡ ಅಪರಾಧ ಬಿಟ್ಟು ಉಳಿದಿದ್ದನ್ನ ಕೋರ್ಟೇ ಸೀಲ್ ಮಾಡುತ್ತೆ, ಆಮೇಲೆ ಅಂಥದ್ದೊಂದು ಕೇಸ್ ನಡೆದೇ ಇಲ್ಲ ಅಂತ ಲೆಕ್ಕ, ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನಬಹುದು ಅಂತ ಕಾನೂನೇ ಹೇಳುತ್ತೆ. ಭಾವ ಆ ಆರ್ಡರನ್ನ ಫೈಲಲ್ಲಿಟ್ಟು ಸದ್ಯ ಮುಗೀತಪ್ಪ ಅಂದಿದ್ರು.

ಮುಗಿದಿರ್ಲಿಲ್ಲ. ಗ್ರೀನ್ ಕಾರ್ಡ್ ಕ್ಯೂ ನಿಮಗೆಲ್ಲ ಗೊತ್ತಿದ್ದಿದ್ದೇ, ಇವ್ರ ಮನೆಯವ್ರಿಗೆ ಕಾರ್ಡ್ ಬಂದಾಗ ಹುಡುಗನಿಗೆ ಹದಿನೈದು. ಸಿಟಿಜನ್‌ಶಿಪ್‌ಗೆ ಕಾಯ್ಬೇಕಾದ ಅಪ್ಪ ಅಮ್ಮನ ಐದು ವರ್ಷ ಮುಗಿಯೋಷ್ಟರಲ್ಲಿ ಇವ್ನು ಹದಿನೆಂಟು ದಾಟಿದ್ದ, ಹಂಗಾಗಿ ಅವ್ರ ಜೊತೆ ತಂತಾನೇ ಸಿಟಿಜನ್ ಆಗೋ ಚಾನ್ಸ್ ಹೋಯ್ತು, ಅವ್ನೇ ಬೇರೆ ಎನ್-400, ಅಂದ್ರೆ ಸಿಟಿಜನ್‌ಶಿಪ್ ಅರ್ಜಿ ಫಾರ್ಮ್, ಹಾಕ್ಬೇಕು.

ಮೊದ್ಲು ಭಾವ ಹೋಗಿದ್ದು ಸನ್ನಿವೇಲ್ ಕಡೆ ಒಬ್ಬ ಫಾರ್ಮ್ ತುಂಬಿಕೊಡೋನ ಹತ್ರ, ಕಮ್ಮಿ ದುಡ್ಡು, ನಮ್ ದೇಸಿ ಜನ ಎಲ್ಲ ಅಲ್ಲೇ ಹೋಗೋದು. ಯಾವತ್ತಾದ್ರೂ ಅರೆಸ್ಟ್ ಆಗಿದ್ಯಾ ಅಂತ ಫಾರ್ಮಲ್ಲಿರೋ ಪ್ರಶ್ನೆಗೆ ಅವ್ನು ಸೀಲಿಂಗ್ ಆರ್ಡರ್ ನೋಡಿ "ಸೀಲ್ ಆಗಿದ್ಯಲ್ಲ ಸಾರ್, ನೋ ಅಂತ ಟಿಕ್ ಮಾಡಿ, ಯಾರೂ ಕೇಳಲ್ಲ" ಅಂದ. ಇಂಥ ಕನ್ಸಲ್ಟೆಂಟುಗಳು ಕ್ಯಾಲಿಫೋರ್ನಿಯಾದಲ್ಲಿ ನೀವು ಹೇಳಿದ ಉತ್ತರ ಫಾರ್ಮಲ್ಲಿ ತುಂಬಬಹುದು ಅಷ್ಟೇ, ಯಾವ ಉತ್ತರ ಹಾಕ್ಬೇಕು ಅಂತ ಸಲಹೆ ಕೊಡೋ ಹಕ್ಕೇ ಅವ್ರಿಗಿಲ್ಲ. ಅಕ್ಕನಿಗೆ ಯಾಕೋ ಮನಸ್ಸು ತಡೀಲಿಲ್ಲ, ನಂಗೆ ಫೋನ್ ಮಾಡಿದ್ಲು, ಹಂಗೆ ಈ ಲಾಯರ್ ಸಿಕ್ಕಿದ್ದು.

ಲಾಯರಮ್ಮ ಮಾಡಿದ ಮೊದಲ ಕೆಲ್ಸ ಅಂದ್ರೆ ಫಾರ್ಮಿನ ಪಾರ್ಟ್ 9 ಮತ್ತೆ ಅದರ ಇನ್‌ಸ್ಟ್ರಕ್ಷನ್ಸ್ ಪ್ರಿಂಟ್ ತೆಗೆದು ಹುಡುಗನ ಮುಂದೆ ಇಟ್ಟು ಜೋರಾಗಿ ಓದು ಅಂದಿದ್ದು. ಅರೆಸ್ಟ್ ಅಷ್ಟೇ ಅಲ್ಲ, ಸೈಟೇಷನ್ ಕೊಟ್ಟಿದ್ರೂ, ಹಿಡಿದು ಕೂರಿಸಿದ್ರೂ ಹೇಳ್ಬೇಕು, ರೆಕಾರ್ಡ್ ಸೀಲ್ ಆಗಿದ್ರೂ, ಎಕ್ಸ್‌ಪಂಜ್ (ಅಳಿಸಿಹಾಕೋದು) ಆಗಿದ್ರೂ, ನಿನಗಿನ್ನು ರೆಕಾರ್ಡೇ ಇಲ್ಲ ಅಂತ ಜಡ್ಜೋ ಲಾಯರೋ ಹೇಳಿದ್ರೂ ಹೇಳ್ಬೇಕು. ಹುಡುಗ ಓದ್ತಾ ಓದ್ತಾ ಅರ್ಧಕ್ಕೆ ನಿಲ್ಲಿಸಿ ಅವ್ರಪ್ಪನ ಮುಖ ನೋಡ್ದ. "ನಡೆದೇ ಇಲ್ಲ ಅನ್ನೋದು ಸ್ಟೇಟ್ ಕಾನೂನು, ಕೆಲ್ಸಕ್ಕೆ ಕಾಲೇಜಿಗೆ ಅದು ಸಾಕು, ಇದು ಫೆಡರಲ್" ಅಂದ್ರು ಲಾಯರಮ್ಮ. ಬಯೋಮೆಟ್ರಿಕ್ಸಲ್ಲಿ ತಗೊಳೋ ಬೆರಳಚ್ಚು ಎಫ್‌ಬಿಐಗೆ ಹೋಗುತ್ತೆ, ಸ್ಟೇಟಲ್ಲಿ ಸೀಲ್ ಆಗಿದ್ದು ಅಲ್ಲಿ ಉಳಿದಿರಬಹುದು. ಅದೂ ಬಿಡಿ, ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿ ಲಾಭಕ್ಕೋಸ್ಕರ ಸುಳ್ಳು ಹೇಳಿದ್ರೆ ಆ ಸುಳ್ಳೊಂದೇ ಸಾಕು ಗುಡ್ ಮಾರಲ್ ಕ್ಯಾರೆಕ್ಟರ್ (ಒಳ್ಳೆ ನಡತೆ) ಇಲ್ಲ ಅಂತ ಅರ್ಜಿ ತಳ್ಳಿಹಾಕೋಕೆ.

ಇನ್ನೊಂದು ಕಡೆ ಅವ್ರು ಕೊಟ್ಟ ಸಮಾಧಾನ ಕೇಳಿ, ಇದು ನಂಗೂ ಗೊತ್ತಿರ್ಲಿಲ್ಲ. 1996ರ ಕಾನೂನು ಬಂದ್ಮೇಲೆ ವಯಸ್ಕರ ಕೇಸು ಸ್ಟೇಟಲ್ಲಿ ಎಕ್ಸ್‌ಪಂಜ್ ಆದ್ರೂ ಸಾಮಾನ್ಯವಾಗಿ ಇಮಿಗ್ರೇಷನ್‌ಗೆ ಅದು ಕನ್ವಿಕ್ಷನ್ನಾಗೇ (ಅಪರಾಧಿ ಅನ್ನೋ ತೀರ್ಪಾಗೇ) ಉಳಿಯುತ್ತೆ. ಆದ್ರೆ ಜುವೆನೈಲ್ ಕೋರ್ಟಿನ ತೀರ್ಮಾನ ಕನ್ವಿಕ್ಷನ್ನೇ ಅಲ್ಲ ಅಂತ ಇಮಿಗ್ರೇಷನ್ ಕೇಸುಗಳ ಮೇಲ್ಮನವಿ ಕೇಳೋ ಬೋರ್ಡ್ ಆಫ್ ಇಮಿಗ್ರೇಷನ್ ಅಪೀಲ್ಸ್ 2000ದಲ್ಲೇ ಡೆವಿಸನ್ ಅನ್ನೋರ ಕೇಸಲ್ಲಿ ಹೇಳಿದೆ. ಅಂದ್ರೆ ಯೆಸ್ ಅಂತ ಟಿಕ್ ಮಾಡಿದ್ರೆ ಇವ್ನಿಗೆ ಹೋಗೋದು ಬಹಳ ಕಮ್ಮಿ, ನೋ ಅಂತ ಹಾಕಿದ್ರೆ ಎಲ್ಲಾನೂ ಹೋಗಬಹುದು. ವಯಸ್ಕರ ಕೋರ್ಟಿಗೆ ವರ್ಗ ಆಗಿದ್ದ ಕೇಸು, ಡ್ರಗ್ಸ್ ಮಾರಿದ ವಿಷ್ಯ ಇವೆಲ್ಲ ಬೇರೆ ಕಥೆ, ಅಂಥವ್ರು ಇದನ್ನ ಓದಿ ನಂಗೂ ಹಿಂಗೇ ಅಂದ್ಕೋಬೇಡಿ.

ಈಗ ಜುವೆನೈಲ್ ಕೋರ್ಟ್ ಗೊತ್ತಿರೋ ಲಾಯರ್ ಯಾಕೆ ಬೇಕು ಅನ್ನೋದು. ಯೆಸ್ ಅಂದ್ಮೇಲೆ ಆಫೀಸರ್ ಕೋರ್ಟ್ ಪೇಪರ್ ಕೇಳೇ ಕೇಳ್ತಾರೆ. ಭಾವ ಆಗ್ಲೇ ಫೈಲ್ ತೆಗೆದು ಎಲ್ಲಾ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಕ್ಕೆ ರೆಡಿ ಇದ್ರು, ಲಾಯರಮ್ಮ ತಡೆದ್ರು. ಕ್ಯಾಲಿಫೋರ್ನಿಯಾದಲ್ಲಿ ಜುವೆನೈಲ್ ಫೈಲು ಗೋಪ್ಯ, ಫೆಡರಲ್ ಆಫೀಸರ್ ಕೈಗೆ ಹೋಗ್ಬೇಕಂದ್ರೂ ಜುವೆನೈಲ್ ಕೋರ್ಟ್ ಆರ್ಡರ್ ಬೇಕು ಅಂತ 2016ರಿಂದ ಕಾನೂನಲ್ಲೇ ಬರೆದಿದ್ದಾರಂತೆ. ಅದಕ್ಕೆ ಜೆವಿ-570 ಅಂತ ಒಂದು ಫಾರ್ಮ್, ಯಾವ ಕಾಗದ ಬೇಕು, ಯಾಕೆ ಬೇಕು, ಯಾರಿಗೆ ತೋರಿಸ್ತೀರಿ ಅಂತ ಬರೆದು ಜಡ್ಜ್ ಹತ್ರ ಕೇಳ್ಬೇಕು. ಇವ್ರು ಇಡೀ ಫೈಲ್ ಕೇಳ್ಲಿಲ್ಲ, ಡಿಸ್‌ಮಿಸ್ ಆಗಿದ್ದು ಮತ್ತೆ ಸೂಪರ್‌ವಿಷನ್ ಮುಗಿಸಿದ್ದು ತೋರಿಸೋ ಪುಟಗಳು ಮಾತ್ರ. ಪ್ರೊಬೇಷನ್ ಆಫೀಸರ್ ಬರೆದಿದ್ದ ಮನೆ ವಿಷ್ಯ, ಸ್ಕೂಲ್ ವಿಷ್ಯ ಎಲ್ಲ ಒಳಗೇ ಉಳೀತು. ಬರೀ ಇಮಿಗ್ರೇಷನ್ ನೋಡೋ ಲಾಯರ್ ಆಗಿದ್ರೆ ಇದು ಹೊಳೀತಿತ್ತೋ ಇಲ್ವೋ, ನಂಗೆ ಡೌಟು.

ಟೈಮಿಂಗ್ ಕೂಡ ಅವ್ರೇ ಹೇಳಿದ್ದು. ಗುಡ್ ಮಾರಲ್ ಕ್ಯಾರೆಕ್ಟರ್‌ಗೆ ಹಿಂದಿನ ಐದು ವರ್ಷ ಮುಖ್ಯವಾಗಿ ನೋಡ್ತಾರೆ, ಮಾಲಿನ ಘಟನೆ ಅದರೊಳಗೇ ಬೀಳ್ತಿತ್ತು, ಅದಕ್ಕೆ ಸ್ವಲ್ಪ ತಿಂಗಳು ಕಾದು ಹಾಕೋಣ ಅಂದ್ರು. ಐದು ವರ್ಷ ದಾಟಿದ್ರೂ ಹಿಂದಿನದನ್ನ ಕೇಳೋ ಅಧಿಕಾರ ಇಮಿಗ್ರೇಷನ್ ಆಫೀಸರಿಗಿದೆ, ಯೆಸ್ ಅಂತೂ ಹಾಕಲೇಬೇಕು. 2025ರ ಆಗಸ್ಟಲ್ಲಿ ಈ ಅರ್ಜಿ ನೋಡೋ ಇಲಾಖೆ ಯುಎಸ್‌ಸಿಐಎಸ್ ಹೊಸ ಮೆಮೋ ಬಿಟ್ಟಿದೆಯಲ್ಲ, ತಪ್ಪು ಮಾಡಿಲ್ಲ ಅನ್ನೋದಷ್ಟೇ ಸಾಲದು, ಒಳ್ಳೇದು ಏನು ಮಾಡಿದೀಯ ಅಂತಾನೂ ನೋಡ್ತೀವಿ ಅಂತ. ಹಂಗಾಗಿ ಕಾಲೇಜ್ ಟ್ರಾನ್ಸ್‌ಕ್ರಿಪ್ಟು, ಟ್ಯಾಕ್ಸ್ ಪೇಪರ್ ಜೊತೆಗೆ ವಾರಾಂತ್ಯದ ಕನ್ನಡ ಶಾಲೇಲಿ ಚಿಕ್ಕ ಮಕ್ಕಳಿಗೆ ಅ ಆ ಇ ಈ ಹೇಳ್ಕೊಡ್ತಿದ್ದ ಅಂತ ಒಂದು ಲೆಟರ್ರೂ ಸೇರಿಸಿದ್ರು. ಅಕ್ಕನ ಬಲವಂತಕ್ಕೆ ಗೊಣಗ್ತಾ ಹೋಗ್ತಿದ್ದ ಮಹಾನುಭಾವ, ಉಪಯೋಗಕ್ಕೆ ಬಂತು ನೋಡಿ.

ಇಂಟರ್‌ವ್ಯೂ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಆಫೀಸರ್ ಆ ಪ್ರಶ್ನೆಗೆ ಬಂದಾಗ ಇವ್ನು ಯೆಸ್ ಅಂದು ನಡೆದಿದ್ದನ್ನ ಎರಡೇ ಮಾತಲ್ಲಿ ಹೇಳ್ದ, ಪೇಪರ್ ತಿರುವಿ ನೋಡಿದ್ರು, ಆಮೇಲೆ ಯಾವತ್ತಾದ್ರೂ ಏನಾದ್ರೂ ಆಯ್ತಾ ಅಂದ್ರು, ಇಲ್ಲ ಅಂದ, ಮುಂದಿನ ಪ್ರಶ್ನೆ. ಅಪ್ರೂವ್ ಆಯ್ತು. ಸಿಟಿಜನ್ ಆಗೋ ಪ್ರಮಾಣದ (ಓತ್) ದಿನ ನಾವು ತುಂಬಿ ಕೊಡೋ ಎನ್-445 ಫಾರ್ಮಲ್ಲಿ ಇಂಟರ್‌ವ್ಯೂ ಆದ್ಮೇಲೆ ಅರೆಸ್ಟ್, ಟಿಕೆಟ್ ಏನಾದ್ರೂ ಆಗಿದ್ಯಾ ಅಂತ ಮತ್ತೆ ಕೇಳ್ತಾರೆ, ಅದನ್ನೂ ಮೊದ್ಲೇ ಹೇಳಿಕೊಟ್ಟಿದ್ರು.

ಕೆಲಸಕ್ಕೆ ಐದಕ್ಕೆ ಐದು ಕೊಡ್ತೀನಿ, ಆಫೀಸಿಗೆ ಮೂರು. ಫ್ಲಾಟ್ ಫೀ ಅಂತ ಹೇಳಿ ಜೆವಿ-570 ಕೆಲ್ಸಕ್ಕೆ ಬೇರೆ ಬಿಲ್ ಬಂತು, ಕೇಳಿದ್ರೆ ಅಗ್ರಿಮೆಂಟ್ ಕೊನೇ ಪುಟ ತೋರಿಸಿದ್ರು, ಇತ್ತು ನಿಜ, ಆದ್ರೆ ಬಾಯಲ್ಲಿ ಒಂದ್ಮಾತು ಹೇಳೋಕೇನು ಕಷ್ಟ? ಇಮೇಲ್‌ಗೆ ಲಾಯರಮ್ಮ ಉತ್ತರ ಕೊಡೋದೇ ಇಲ್ಲ, ಎಲ್ಲ ಪ್ಯಾರಾಲೀಗಲ್ ಕೈಲಿ, ಅವ್ರೂ ಶುಕ್ರವಾರ ಕೇಳಿದ್ದಕ್ಕೆ ಬುಧವಾರ ಹೇಳೋರು. ಪಾರ್ಕಿಂಗ್ ದುಡ್ಡೂ ನಮ್ದೇ. ಎನ್-400 ಸರ್ಕಾರಿ ಫೀ 710 ಡಾಲರ್ ಆನ್‌ಲೈನ್, ಪೇಪರಲ್ಲಿ ಹಾಕಿದ್ರೆ 760, ಇದು ಲಾಯರ್ ಫೀ ಬಿಟ್ಟು. ಇಂಥ ಕೇಸಿದ್ದು ಇವ್ರ ಹತ್ರ ಹೋಗೋರು ಕೋರ್ಟ್ ಪರ್ಮಿಷನ್ ಕೆಲಸವನ್ನ ಎನ್-400 ಹಾಕೋಕೆ ಮುಂಚೆನೇ ಶುರು ಮಾಡಿಸಿ, ಜಡ್ಜ್ ಸೈನ್ ಬೀಳೋದು ನಿಧಾನ, ಮತ್ತೆ ಅಗ್ರಿಮೆಂಟ್ ಕೊನೇ ಪುಟ ಸೈನ್ ಹಾಕೋಕೆ ಮುಂಚೆ ಓದಿ. ಹೆಸ್ರು ಬೇಕಿದ್ರೆ ಮೆಸೇಜ್ ಮಾಡಿ, ಕೊಡ್ತೀನಿ.