ರಿಟರ್ನ್ಸ್‌ಗೆ ಗಡುವು ಹೆಚ್ಚಿಸಿ ಕೊಡುತ್ತೇವೆ ಎಂದವರಿಗೆ ದುಡ್ಡು ಕೊಡಬೇಡಿ

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ನಿಮಗೊಬ್ಬರಿಗೆ ಹೆಚ್ಚಿನ ಸಮಯ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾನು ಏಳಲಿಲ್ಲ. 1,200 ರೂಪಾಯಿ ಕೊಟ್ಟು, ರಸೀದಿಯನ್ನೂ ಕೇಳದೆ, ಕೈ ಮುಗಿದು ಬಂದೆ.

2024ರ ಜುಲೈ ಕೊನೆಯ ವಾರ. ಕನ್ನಂಬಾಡಿ ತುಂಬಿತೆಂದು ಮೈಸೂರಿನವರೆಲ್ಲ ನೀರು ನೋಡಲು ಹೊರಟಿದ್ದರು. ನಾನು ಗೃಹಸಾಲದ ಬಡ್ಡಿಯ ಪ್ರಮಾಣಪತ್ರಕ್ಕಾಗಿ ಬ್ಯಾಂಕಿಗೆ ಅಲೆಯುತ್ತಿದ್ದೆ. ಗಡುವು 31ಕ್ಕೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಫೋನಿನಲ್ಲಿ, ‘ಅದಕ್ಕೇಕೆ ಒದ್ದಾಡುತ್ತೀರಿ ಮಾವ, ಒಂದು ಫಾರಂ ಹಾಕಿದರೆ ಆರು ತಿಂಗಳು ಸಿಗುತ್ತದೆ’ ಎಂದ. ಅವನ ಮಟ್ಟಿಗೆ ಅದು ನಿಜ. ಅಮೆರಿಕದಲ್ಲಿ 4868 ಎಂಬ ನಮೂನೆ ಇದೆ. ಏಪ್ರಿಲ್ ಗಡುವಿನೊಳಗೆ ಅದನ್ನು ಕೊಟ್ಟರೆ ರಿಟರ್ನ್ಸ್‌ಗೆ ಅಕ್ಟೋಬರ್ 15ರವರೆಗೆ ಅವಕಾಶ. ತೆರಿಗೆಯ ಹಣವನ್ನು ಮಾತ್ರ ಏಪ್ರಿಲ್‌ನಲ್ಲೇ ಕಟ್ಟಬೇಕು. ನಮ್ಮಲ್ಲಿ ಅಂಥ ನಮೂನೆಯೇ ಇಲ್ಲ. ಗಡುವು ಮುಂದೆ ಹೋಗಬೇಕಾದರೆ ಕೇಂದ್ರ ನೇರ ತೆರಿಗೆ ಮಂಡಳಿ ಎಲ್ಲರಿಗೂ ಒಟ್ಟಿಗೆ ಮುಂದೂಡಬೇಕು. ಇದು ನನಗೆ ಗೊತ್ತಾಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು.

ಅಗ್ರಹಾರದ ಕಡೆಯ ಒಂದು ಜೆರಾಕ್ಸ್ ಅಂಗಡಿ. ಪಾನ್ ಕಾರ್ಡ್, ಪಹಣಿ, ರಿಟರ್ನ್ಸ್ ಎಲ್ಲವೂ ಅಲ್ಲೇ. ‘ಅರ್ಜಿ ಹಾಕಿ ಟೈಮ್ ತೆಗೆಸಿಕೊಡುತ್ತೇನೆ ಸರ್, ಡಿಸೆಂಬರ್‌ವರೆಗೆ ಆರಾಮಾಗಿರಿ’ ಎಂದ ಹುಡುಗ ಹತ್ತು ನಿಮಿಷದಲ್ಲಿ ಒಂದು ಹಾಳೆ ಮುದ್ರಿಸಿ, ಅಂಗಡಿಯದೇ ಗುಂಡು ಮೊಹರು ಒತ್ತಿ ಕೊಟ್ಟ. ಇಲಾಖೆಯ ಲಾಂಛನ, ನನ್ನ ಪಾನ್, ಒಂದು ಉದ್ದನೆಯ ಸಂಖ್ಯೆ. ಇನ್ನೇನು ಬೇಕು? ಕಂಪನಿ ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರ, ಅಂದರೆ ಫಾರಂ 16ರ ಫೈಲಿನಲ್ಲಿ ಜೋಪಾನವಾಗಿ ಇಟ್ಟೆ.

ಡಿಸೆಂಬರ್‌ನಲ್ಲಿ ಸರಸ್ವತಿಪುರಂನ ಆಡಿಟರ್ ಒಬ್ಬರ ಮುಂದೆ ಅದೇ ಹಾಳೆ ಹಿಡಿದೆ. ಆಕೆ ಕನ್ನಡಕ ಸರಿಪಡಿಸಿಕೊಂಡು ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ‘ಇದು ಕುಂದುಕೊರತೆ ವಿಭಾಗಕ್ಕೆ ಹಾಕಿದ ದೂರು, ಸ್ವಾಮಿ. ಸಮಯ ಕೊಡಿ ಎಂದು ಎರಡು ಸಾಲು ಬರೆದಿದ್ದಾರೆ, ಅಷ್ಟೇ.’ ಇಲಾಖೆಯ ಪೋರ್ಟಲ್ ತೆರೆದು ನೋಡಿದರೆ, ವ್ಯಕ್ತಿಗತವಾಗಿ ಗಡುವು ವಿಸ್ತರಿಸಲಾಗದು ಎಂಬ ಉತ್ತರ ಎಂದೋ ಬಂದು ಕುಳಿತಿತ್ತು. ಇಮೇಲ್ ವಿಳಾಸದ ಜಾಗದಲ್ಲಿ ಹುಡುಗ ತನ್ನದನ್ನೇ ಹಾಕಿಕೊಂಡಿದ್ದ.

ತಡವಾದ ರಿಟರ್ನ್ಸ್‌ಗೆ ಆಗಿನ್ನೂ ಅವಕಾಶವಿತ್ತು. ಆದಾಯ ಐದು ಲಕ್ಷ ದಾಟಿದ್ದರಿಂದ ಆದಾಯ ತೆರಿಗೆ ಕಾಯ್ದೆಯ 234ಎಫ್ ಸೆಕ್ಷನ್ ಪ್ರಕಾರ 5,000 ವಿಳಂಬ ಶುಲ್ಕ. ಅದನ್ನು ಹಲ್ಲು ಕಚ್ಚಿ ಕಟ್ಟಬಹುದಿತ್ತು. ನಿಜವಾದ ಪೆಟ್ಟು ಬೇರೆ ಕಡೆ: ಗೃಹಸಾಲದ ಬಡ್ಡಿ, ಉಳಿತಾಯಗಳನ್ನು ಆದಾಯದಿಂದ ಕಳೆಯಲು ಬಿಡುವ ಹಳೆಯ ತೆರಿಗೆ ಪದ್ಧತಿ ಗಡುವು ಮೀರಿದವರಿಗೆ ಸಿಗುವುದಿಲ್ಲ. ನನ್ನ ಸಂಬಳ ವರ್ಷಕ್ಕೆ 11 ಲಕ್ಷ. ಗೃಹಸಾಲದ ಬಡ್ಡಿ 2 ಲಕ್ಷ, 80ಸಿ ಸೆಕ್ಷನ್‌ನ ಉಳಿತಾಯ ಒಂದೂವರೆ ಲಕ್ಷ, ಆರೋಗ್ಯ ವಿಮೆಯ 25,000 ಕಳೆದು ಕಂಪನಿ 49,400 ರೂಪಾಯಿ ತೆರಿಗೆ ಹಿಡಿದಿತ್ತು. ಹೊಸ ಪದ್ಧತಿಯಲ್ಲಿ ಅದೇ ಸಂಬಳಕ್ಕೆ 70,200. ವ್ಯತ್ಯಾಸ 20,800, ಅದರ ಮೇಲೆ ಬಡ್ಡಿ. ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು. ಯಾವ ಪ್ರಮಾಣಪತ್ರಕ್ಕಾಗಿ ಕಾದಿದ್ದೆನೋ ಅದು ಆಗಸ್ಟ್ ಮೊದಲ ವಾರವೇ ಕೈಗೆ ಬಂದಿತ್ತು; ಉಪಯೋಗಕ್ಕೆ ಬರಲಿಲ್ಲ.

‘ಸಾಲದ ಖಾತೆಯ ವಿವರ ನೋಡಿ ಅಂದಾಜು ಬಡ್ಡಿ ಹಾಕಿ 31ರೊಳಗೆ ಸಲ್ಲಿಸಿದ್ದರೆ ಆಗುತ್ತಿತ್ತು. ತಪ್ಪಿದ್ದರೆ ಡಿಸೆಂಬರ್ ಕೊನೆಯೊಳಗೆ ಪರಿಷ್ಕೃತ ರಿಟರ್ನ್ಸ್ ಹಾಕಬಹುದಿತ್ತು’ ಎಂದರು ಆಡಿಟರ್. 119(2)(ಬಿ) ಎಂಬ ಸೆಕ್ಷನ್‌ನ ಹೆಸರು ಹೇಳಿ ದುಡ್ಡು ಕೇಳುವವರೂ ಇದ್ದಾರಂತೆ. ಅದು ಗಡುವು ಕಳೆದ ಮೇಲೆ, ತಕ್ಕ ಕಾರಣ ತೋರಿಸಿ ವಿಳಂಬ ಮನ್ನಿಸಿ ಎಂದು ಬೇಡುವ ದಾರಿ. ಜುಲೈನಲ್ಲೇ ಬರೆದು ಕೊಡುವ ರಜಾ ಅರ್ಜಿಯಲ್ಲ. ನಿಮ್ಮ ರಿಟರ್ನ್ಸ್ ನಿಜಕ್ಕೂ ಸಲ್ಲಿಕೆಯಾಗಿದ್ದರೆ ಪೋರ್ಟಲ್‌ನಲ್ಲಿ 15 ಅಂಕಿಯ ಸ್ವೀಕೃತಿ ಸಂಖ್ಯೆ ಇರುತ್ತದೆ. ಅದನ್ನು ನಿಮ್ಮ ಪಾಸ್‌ವರ್ಡ್‌ನಲ್ಲಿ ನೀವೇ ತೆರೆದು ನೋಡಿ, ಮೂವತ್ತು ದಿನದೊಳಗೆ ರಿಟರ್ನ್ಸ್ ನಿಮ್ಮದೇ ಎಂದು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಇ-ದೃಢೀಕರಣವನ್ನೂ ಮುಗಿಸಿ.

ಅಂಗಡಿಗೆ ಹೋಗಿ ಕೇಳಿದೆ. ‘ನಾನು ಅರ್ಜಿ ಹಾಕಿದ್ದೆನಲ್ಲ ಸರ್, ಅವರು ಕೊಡದಿದ್ದರೆ ನಾನೇನು ಮಾಡಲಿ?’ ಎಂದ. 1,200 ಹಿಂದಿರುಗಲಿಲ್ಲ.

2025ರಲ್ಲಿ ಮಂಡಳಿಯೇ ಮೇ ತಿಂಗಳಲ್ಲಿ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿತು, ಕೊನೆಗೆ ಇನ್ನೂ ಒಂದು ದಿನ ಕೊಟ್ಟಿತು. ನಮ್ಮ ಪಕ್ಕದ ಮನೆಯವರು ಜೂನ್‌ನಲ್ಲಿ ಅದೇ ಅಂಗಡಿಗೆ 800 ರೂಪಾಯಿ ಕೊಟ್ಟು ಅರ್ಜಿ ಹಾಕಿಸಿದ್ದರು. ಎಷ್ಟು ಹೇಳಿದರೂ ಕೇಳುವುದಿಲ್ಲ. ‘ನಿಮಗೆ ಸಿಗಲಿಲ್ಲ ಅಷ್ಟೇ, ನನಗೆ ಕೊಟ್ಟರಲ್ಲ’ ಎನ್ನುತ್ತಾರೆ.