ಅವ್ವನ ಕಿವಿಗೆ ಬಂದ ಕಾದಂಬರಿ: ಆಡಿಯೋ ಪುಸ್ತಕದ ಜತೆ ಎರಡು ವರ್ಷ

ಆಡಿಯೋ ಪುಸ್ತಕ ಕೊಳ್ಳುವ ಮುಂಚೆ ದಯವಿಟ್ಟು ಸ್ಯಾಂಪಲ್ ಕೇಳಿ. ಅದರಲ್ಲೂ ಪಾತ್ರಗಳು ಮಾತಾಡುವ ಕಡೆ ಕೇಳಿ. ನಾನು ಹಾಗೆ ಮಾಡದೆ ಎರಡು ಪುಸ್ತಕದ ದುಡ್ಡು ಕಳೆದುಕೊಂಡೆ.

ನಮ್ಮವ್ವ ಹೂವಿನಹಡಗಲಿ ಕಡೆಯವಳು. ಈಗ ದಾವಣಗೆರೆಯಲ್ಲಿ ನಮ್ಮ ಜತೆ ಇದ್ದಾಳೆ. ಲೈಬ್ರರಿಯಿಂದ ವಾರಕ್ಕೆ ಎರಡು ಕಾದಂಬರಿ ತಂದು ಓದುತ್ತಿದ್ದವಳು. ಗ್ಲಾಕೋಮಾ ಬಂದು ಕಣ್ಣು ಮಂಜಾಯಿತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. ಅವತ್ತಿನಿಂದ ಅವಳು ಪುಸ್ತಕದ ಮಾತೇ ಎತ್ತಲಿಲ್ಲ. ಅದನ್ನು ನೋಡಲಾಗದೆ ಫೋನಿಗೆ ಆಡಿಯೋ ಪುಸ್ತಕದ ಆ್ಯಪ್ ಹಾಕಿದೆ.

ಮೊದಲು ಕೊಂಡದ್ದು ನಮ್ಮ ಕಡೆಯ ಹಳ್ಳಿಯೊಂದರ ಕಥೆ. ಓದಿದವರ ದನಿ ಚೆನ್ನಾಗಿತ್ತು, ಉಚ್ಚಾರಣೆಯಲ್ಲಿ ಒಂದು ತಪ್ಪಿಲ್ಲ. ಆದರೆ 'ಬರ್ತೀನಬೇ' ಅನ್ನುವುದನ್ನು ವಾರ್ತೆ ಓದಿದ ಹಾಗೆ ಓದಿದರು. ಎಳೆಯಬೇಕಾದ ಕಡೆ ಎಳೆಯಲಿಲ್ಲ, ನುಂಗಬೇಕಾದ ಕಡೆ ನುಂಗಲಿಲ್ಲ. ಅಳುವ ಹೆಂಗಸಿಗೂ ಬೈಯುವ ಗಂಡಸಿಗೂ ಒಂದೇ ರಾಗ. ಹತ್ತು ನಿಮಿಷ ಕೇಳಿದ ಅವ್ವ, "ಬಂದ್ ಮಾಡವಾ, ಯಾರೋ ನೋಟೀಸ್ ಓದಿದಂಗಾತು" ಅಂದಳು. ಎರಡನೇ ಪುಸ್ತಕದ್ದೂ ಅದೇ ಹಣೆಬರಹ. ಬರೆದವರು ಆಡುಮಾತನ್ನು ಎಷ್ಟು ಕಷ್ಟಪಟ್ಟು ಕಾಗದಕ್ಕೆ ಇಳಿಸಿರುತ್ತಾರೆ, ಅಲ್ವಾ? ಅದನ್ನು ಮತ್ತೆ ಬಾಯಿಗೆ ತರುವಾಗ ಆ ಸೀಮೆಯವರೊಬ್ಬರನ್ನು ಕೂರಿಸಿ ಓದಿಸಬೇಕು. ಈ ಕೋಪ ನನಗೆ ಇನ್ನೂ ಇಳಿದಿಲ್ಲ.

ಆ್ಯಪಿನದೂ ಒಂದು ಕಾಟ. ನಡುವೆ ಯಾರಾದರೂ ಫೋನ್ ಮಾಡಿದರೆ ಕೆಲವು ಸಲ ಅಧ್ಯಾಯದ ಮೊದಲಿಗೆ ಹೋಗಿ ಕೂರುತ್ತದೆ. ಅಧ್ಯಾಯಗಳಿಗೆ ಬರೀ ನಂಬರು, ಹೆಸರಿಲ್ಲ. ಕಣ್ಣು ಕಾಣದವರು ಹುಡುಕುವುದು ಹೇಗೆ?

ಆ್ಯಪನ್ನೇ ತೆಗೆದುಹಾಕಬೇಕು ಅನ್ನುವ ಹೊತ್ತಿಗೆ ವಸುಧೇಂದ್ರರ 'ತೇಜೋ ತುಂಗಭದ್ರಾ' ಹಾಕಿದೆ. 2019ರಲ್ಲಿ ಬಂದ ಕಾದಂಬರಿ, ನಾನೂರಕ್ಕೂ ಹೆಚ್ಚು ಪುಟ. ನಾನೇ ಒಮ್ಮೆ ಶುರು ಮಾಡಿ, ಪೋರ್ಚುಗಲ್ಲಿನ ಹೆಸರುಗಳಲ್ಲಿ ತಡವರಿಸಿ, ಕಪಾಟಿಗೆ ಸೇರಿಸಿದ್ದೆ. ಒಂದು ಕಡೆ ತೇಜೋ ನದಿಯ ದಂಡೆಯ ಲಿಸ್ಬನ್, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ವಿಜಯನಗರ ಸೀಮೆ. ಗೇಬ್ರಿಯಲ್ ಅನ್ನುವ ಹುಡುಗ ಯಹೂದಿ ಹುಡುಗಿ ಬೆಲ್ಲಾಳನ್ನು ಮೆಚ್ಚಿ, ದುಡಿದು ಬರುತ್ತೇನೆ ಅಂತ ಇಂಡಿಯಾಕ್ಕೆ ಹೊರಟ ಹಡಗು ಹತ್ತುತ್ತಾನೆ. ಕಣ್ಣಿಗೆ ತೊಡಕಾಗಿದ್ದ ಹೆಸರುಗಳು ಕಿವಿಗೆ ಸಲೀಸಾಗಿ ಇಳಿದವು. ಎರಡೇ ದಿನದಲ್ಲಿ ಅವ್ವ "ಆ ಬೆಲ್ಲಾ ಪಾಪ" ಅಂತ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಕಥೆ ತುಂಗಭದ್ರೆಗೆ ಬಂದಾಗ ಮಾತ್ರ ಕೈಯಲ್ಲಿದ್ದ ಸೊಪ್ಪು ಹಾಗೇ ಬಿಟ್ಟು, "ನಮ್ಮ ಹೊಳಿ" ಅಂದಳು. ಮತ್ತೇನೂ ಅನ್ನಲಿಲ್ಲ.

ಆಮೇಲೆ ಇದು ದಿನದ ಪದ್ಧತಿಯಾಯಿತು. ಮೂರು ಗಂಟೆಗೆ ಚಹಾ ಕುಡಿದು ಅಡಿಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಮುಂದೆ ಹಳೇ ಪೇಪರು, ಅದರ ಮೇಲೆ ಮೆಂತ್ಯ ಪಲ್ಲೆ. ಫೋನನ್ನು ಸ್ಟೀಲ್ ಡಬರಿಯಲ್ಲಿ ನಿಲ್ಲಿಸುತ್ತಾಳೆ, ದನಿ ಜಾಸ್ತಿ ಬರುತ್ತದೆ ಅಂತ. ಕಾಣದಿದ್ದರೇನು, ಎಲೆ ಯಾವುದು, ದಂಟು ಯಾವುದು, ಹುಲ್ಲು ಯಾವುದು ಅಂತ ಬೆರಳಿಗೇ ಗೊತ್ತು. ಆ್ಯಪ್ ಜಾಗ ತಪ್ಪಿಸಿದರೂ ಈಗ ಚಿಂತೆಯಿಲ್ಲ. "ನಿನ್ನೆ ಪಲ್ಲೆ ಸೋಸಿ ಮುಗಿಸಿದಾಗ ಹಂಪಮ್ಮನ ಸುದ್ದಿ ಬಂದಿತ್ತು ನೋಡು, ಅಲ್ಲಿಗೆ ಹಚ್ಚು" ಅನ್ನುತ್ತಾಳೆ. ನಾನು ಸಂಜೆ ಆಫೀಸಿನಿಂದ ಬಂದು ಸ್ವಲ್ಪ ವೇಗ ಹೆಚ್ಚಿಸಿ ಕೇಳುತ್ತೇನೆ. ಅವ್ವನಿಗೆ ಅದಾಗುವುದಿಲ್ಲ. ಓಡುವವರ ಹಿಂದೆ ಹೋದಂಗಾಗುತ್ತದಂತೆ.

ಎಲ್ಲ ಕಾದಂಬರಿಗೂ ಕಿವಿ ಒಗ್ಗುತ್ತದೆ ಅಂತ ನಾನು ಹೇಳಲಾರೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಪುಸ್ತಕವನ್ನೇ ತಗೊಳ್ಳಿ. ಚಿಕ್ಕದು, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಆದರೆ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಅಲ್ಲಿ ಜಾಸ್ತಿ. ಅದನ್ನು ನಾನೇ ಅವ್ವನಿಗೆ ಓದಿ ಹೇಳಿದೆ. ಹಳೇ ಮನೆಯಲ್ಲಿ ಇಡೀ ಸಂಸಾರ ಇರುವೆಗಳ ಮೇಲೆ ಹಗೆ ಸಾಧಿಸುವ ಭಾಗಕ್ಕೆ ಮೊದಲು ನಕ್ಕಳು. ಆಮೇಲೆ, "ತಡಿ, ಅದನ್ನ ಇನ್ನೊಮ್ಮೆ ಓದು" ಅಂದಳು. ಎರಡನೇ ಸಲ ನಗಲಿಲ್ಲ. ಇಂಥ ಪುಸ್ತಕಕ್ಕೆ ಕೇಳಿದ ಕಡೆ ನಿಲ್ಲಿಸುವವರು ಒಬ್ಬರು ಎದುರಿಗೆ ಇರಬೇಕು.

ದುಡ್ಡಿನ ಲೆಕ್ಕ: ನಮ್ಮ ಮನೆಯಲ್ಲಿ ಪುಸ್ತಕಕ್ಕೆ ತಿಂಗಳಿಗೆ 300 ರೂಪಾಯಿ. ಅದರಲ್ಲೇ ಕಾಗದದ್ದೂ ಬರಬೇಕು, ಆಡಿಯೋನೂ ಬರಬೇಕು. ಹಾಗಾಗಿ ತಿಂಗಳ ಚಂದಾ ಬೇಡ ಅಂತ ಬಿಡಿಬಿಡಿಯಾಗಿ ಕೊಳ್ಳುತ್ತೇನೆ. ನಿಧಾನವಾಗಿ, ಮತ್ತೆ ಮತ್ತೆ ಕೇಳುವವರಿಗೆ ಇದೇ ಸರಿ. ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಇಲ್ಲವಾದರೆ ಕರೆಂಟ್ ಹೋದಾಗ ಕಥೆಯೂ ನಿಲ್ಲುತ್ತದೆ.

'ತೇಜೋ ತುಂಗಭದ್ರಾ' ಈಗ ನಮ್ಮ ಮನೆಯಲ್ಲಿ ಎರಡನೇ ಸಲ ನಡೆಯುತ್ತಿದೆ. ಹುಣಸೆಹಣ್ಣಿನ ಕಾಲ, ಪಲ್ಲೆಯ ಜಾಗಕ್ಕೆ ಬೀಜ ಬಿಡಿಸುವ ಕೆಲಸ ಬಂದಿದೆ. ನಿನ್ನೆ ಒಂದು ಮೊರ ಮುಗಿಯುವ ಹೊತ್ತಿಗೆ ಗೇಬ್ರಿಯಲ್ ಇನ್ನೂ ಹಡಗು ಹತ್ತಿರಲಿಲ್ಲ.